ಒಳಗಿನಿಂದ ಕರೆಯುವ ತನಕ

ಅವಳ ಹುದ್ದೆಗೆ ಉದ್ದನೆಯ ಹೆಸರೊಂದಿತ್ತು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು, ಹಾಗಾಗಿ ಜೈಲಿನಲ್ಲಿ ಎಲ್ಲರೂ ಅವಳನ್ನು ಬಾಗಿಲಕ್ಕ ಎಂದೇ ಕರೆಯುತ್ತಿದ್ದರು. ಕೈದಿಗಳು ಎದುರಿಗೇ ಕರೆಯುತ್ತಿದ್ದರು, ವಾರ್ಡರುಗಳು ಬೆನ್ನ ಹಿಂದೆ. ಎರಡೂ ಅವಳಿಗೆ ಗೊತ್ತಿತ್ತು, ಎರಡಕ್ಕೂ ಅವಳು ತಲೆ ಕೆಡಿಸಿಕೊಂಡವಳಲ್ಲ.

ಬಂದದ್ದು ಹೊಲಿಗೆ ಕಲಿಸಲು. ಹೊಲಿಗೆ ಕೋಣೆಯ ಬಾಗಿಲು ಹಗಲೆಲ್ಲ ಬರೀ ಮುಚ್ಚಿರುತ್ತಿತ್ತು, ಚಿಲಕ ಹಾಕಿರುತ್ತಿರಲಿಲ್ಲ. ಮಾರನೆಯ ದಿನ ಬಿಡುಗಡೆಯಾಗಲಿದ್ದ ಮುದುಕನೊಬ್ಬ ಅಂಗಿಗೆ ಗುಂಡಿ ಹಾಕಿಸಿಕೊಳ್ಳಲು ಬಂದವನು ಆ ಬಾಗಿಲ ಮುಂದೆ ನಿಂತ. ನಿಂತೇ ಇದ್ದ. ಕಿಟಕಿಯಿಂದ ಅವನನ್ನು ಕಂಡು ಅವಳು, "ಏನಜ್ಜ, ಬಾಗಿಲು ಕಚ್ಚುತ್ತೇನು? ತಳ್ಳು, ತೆರ್ಕೊಳ್ಳುತ್ತೆ" ಎಂದು ರೇಗಿಸಿದಳು. ಮುದುಕ ಕೈ ಎತ್ತಿದ, ಇಳಿಸಿದ. ಎಷ್ಟೋ ವರ್ಷಗಳಿಂದ ಅವನು ಯಾವ ಬಾಗಿಲನ್ನೂ ತಾನಾಗಿ ತೆರೆದವನಲ್ಲ. ಅವನ ಪಾಲಿಗೆ ಬಾಗಿಲು ಬೇರೆಯವರು ತೆರೆಯುವ ವಸ್ತು. ಅವಳೇ ಎದ್ದು ಬಂದು ಬಾಗಿಲು ತೆರೆದಳು. ಈ ಮನುಷ್ಯ ನಾಳೆ ತನ್ನ ಮನೆಯ ಮುಂದೆಯೂ ಹೀಗೇ ನಿಂತರೆ ಒಳಗಿನವರು ಏನೆಂದುಕೊಂಡಾರು ಎಂದು ಆ ದಿನವೆಲ್ಲ ಯೋಚಿಸಿದಳು.

ಅಲ್ಲಿಂದ ಶುರುವಾಯಿತು. ಜೈಲಿನ ಸಾಹೇಬರ ಬೆನ್ನು ಬಿದ್ದು, ಬೈಸಿಕೊಂಡು, ಮತ್ತೆ ಬೆನ್ನು ಬಿದ್ದು, ಹಾಳುಬಿದ್ದ ಉಗ್ರಾಣವೊಂದನ್ನು ಗಿಟ್ಟಿಸಿದಳು. ಅಲ್ಲಿ ಒಂದು ಕಬ್ಬಿಣದ ಮಂಚ, ಒಂದು ಒಲೆ, ಎರಡು ಕುರ್ಚಿ, ಗೋಡೆಯಲ್ಲೊಂದು ಕನ್ನಡಿ. ನಡುವೆ ಹಲಗೆಯ ಅಡ್ಡಗೋಡೆ, ಅದಕ್ಕೊಂದು ಮರದ ಬಾಗಿಲು, ಬಾಗಿಲಿಗೆ ಒಳಗಡೆ ಚಿಲಕ. ಇಡೀ ಜೈಲಿನಲ್ಲಿ ಒಳಗಡೆ ಚಿಲಕವಿದ್ದ ಬಾಗಿಲು ಅದೊಂದೇ. ಅದಕ್ಕೆ ಅವಳು ಇಟ್ಟ ಹೆಸರು "ಮನೆ". ಬಿಡುಗಡೆ ಹತ್ತಿರವಾದವರೆಲ್ಲ ಆ ಮನೆಗೆ ಬಂದು, ಮನೆಗೆ ಹೋಗುವುದನ್ನು ಕಲಿಯಬೇಕು.

ಕಲಿಸುವ ಮೊದಲು ಅವಳು ಅವರವರ ನಿಜವಾದ ಮನೆಗೆ ಹೋಗಿ ಬರುತ್ತಿದ್ದಳು. ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿರುತ್ತಿತ್ತು, ಬಾಗಿಲು ತೆರೆದವರು ಯಾರ ಅಳತೆ ತೆಗೆಯಲು ಬಂದಿದ್ದಾಳೋ ಎಂದು ಕಕ್ಕಾಬಿಕ್ಕಿಯಾಗುತ್ತಿದ್ದರು. ಒಂದು ರೀತಿಯಲ್ಲಿ ಅವಳು ಅಳತೆಯನ್ನೇ ತೆಗೆಯುತ್ತಿದ್ದಳು. ಮಂಚ ಎಲ್ಲಿದೆ, ಯಾರು ಯಾವ ಮೂಲೆಯಲ್ಲಿ ಮಲಗುತ್ತಾರೆ, ಯಾರ ಫೋಟೋ ಗೋಡೆಯಿಂದ ಇಳಿದಿದೆ, ಯಾರದು ಹೊಸದಾಗಿ ಏರಿದೆ. ಬಂದವನನ್ನು ಮೊದಲು ಏನು ಕೇಳುತ್ತೀರಿ ಎಂದು ಬಾಯಿಬಿಟ್ಟು ಹೇಳಿಸುತ್ತಿದ್ದಳು. ಆಮೇಲೆ ಉಗ್ರಾಣಕ್ಕೆ ಬಂದು ಮಂಚ ಕುರ್ಚಿಗಳನ್ನು ಅದೇ ಥರ ಜೋಡಿಸಿ, ತಾನೇ ಅವರಾಗಿಬಿಡುತ್ತಿದ್ದಳು. ಹೆಂಡತಿಯಾಗಿ "ಯಾಕೆ ಬಂದೆ?" ಎಂದು ಸಿಡುಕುತ್ತಿದ್ದಳು. ಮಗಳಾಗಿ ಉತ್ತರವನ್ನೇ ಕೊಡದೆ ಕನ್ನಡಿ ನೋಡುತ್ತಾ ಕೂರುತ್ತಿದ್ದಳು. "ನಿನ್ನ ಕುರ್ಚಿ ಈಗ ನಿನ್ನ ಮಗನದು. ಅವನೇ ಎದ್ದು ಕೊಡೋ ತನಕ ಕೂತ್ಕೋಬೇಡ" ಎಂದು ಗದರುತ್ತಿದ್ದಳು. ಗಟ್ಟಿ ಗಂಡಸರು ಅಲ್ಲಿ ಮಕ್ಕಳ ಹಾಗೆ ಅತ್ತದ್ದುಂಟು. ಒಬ್ಬನಂತೂ ಅವಳನ್ನೇ ಹೆಂಡತಿ ಎಂದುಕೊಂಡು ಜಗಳಕ್ಕೆ ನಿಂತು ಕುರ್ಚಿ ಮುರಿದಿದ್ದ. ಅವಳ ಗಂಡ, ನಿವೃತ್ತ ಬಸ್ ಕಂಡಕ್ಟರ್, ಸಂಜೆ ಬಾಗಿಲು ತೆರೆಯುತ್ತಲೇ ಕೇಳುತ್ತಿದ್ದ: "ಇವತ್ತು ಯಾರ ಹೆಂಡ್ತಿಯಾಗಿದ್ದೆ? ನನ್ನ ಹೆಂಡ್ತಿ ಬರೋದು ಇನ್ನೂ ತಡಾನಾ?"

ಅವಳದು ಎರಡು ಕಟ್ಟುನಿಟ್ಟು. ಒಂದು ಹೋಗುವವರಿಗೆ. ಬಾಗಿಲು ತಟ್ಟಬೇಕು, ಒಳಗಿನಿಂದ ಕರೆಯುವ ತನಕ ಹೊಸ್ತಿಲು ದಾಟಬಾರದು. "ನೀವಿಲ್ಲದೆ ಬದುಕೋದನ್ನ ಅವರು ಕಲಿತಾಗಿದೆ. ನುಗ್ಗಿದ್ರೆ ಹೆದರ್ತಾರೆ. ಹೊಸ್ತಿಲು ಅವರದು" ಎನ್ನುತ್ತಿದ್ದಳು. ಇನ್ನೊಂದು ತನಗೇ ಹಾಕಿಕೊಂಡದ್ದು. ಬಿಡುಗಡೆಯ ದಿನ ಯಾರ ಜೊತೆಗೂ ಅವಳು ಮನೆಯ ತನಕ ಹೋಗುತ್ತಿರಲಿಲ್ಲ. ಮೂರನೆಯವರು ಹೊಸ್ತಿಲಲ್ಲಿ ನಿಂತರೆ ಇಬ್ಬರೂ ಆ ಮೂರನೆಯವರ ಮುಖ ನೋಡಿಕೊಂಡು ಮಾತಾಡುತ್ತಾರೆ ಎಂಬುದು ಅವಳ ವಾದ. ಈ ವಾದದ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು ಎನ್ನಬೇಕು.

ಅವಳು ಕಲಿಸದೆ ಬಿಟ್ಟದ್ದೂ ಒಂದಿತ್ತು. ಜೈಲಿನಲ್ಲಿ ದಿನಕ್ಕೆ ಹಲವು ಸಲ ಕೈದಿಗಳ ಎಣಿಕೆ. ಹಿರಿಯ ವಾರ್ಡರು ಕಬ್ಬಿಣದ ಸರಳಿಗೆ ಕಬ್ಬಿಣದ ಕೋಲಿನಿಂದ ಠಣ್ ಠಣ್ ಎಂದು ಬಾರಿಸುತ್ತಾನೆ. ಆ ಸದ್ದು ಕೇಳಿದರೆ ಯಾರು ಎಲ್ಲಿದ್ದಾರೋ ಅಲ್ಲೇ, ಕೈ ಪಕ್ಕಕ್ಕಿಟ್ಟು, ತಲೆ ತಗ್ಗಿಸಿ, ಸದ್ದು ನಿಲ್ಲುವ ತನಕ ಅಲುಗಾಡದೆ ನಿಲ್ಲಬೇಕು. ಅಲುಗಿದವರಿಗೆ ಆಗುವುದನ್ನು ಇಲ್ಲಿ ಬರೆಯುವುದು ಬೇಡ. ಬಿಡುಗಡೆಯಾಗಿ ಹೋದವನೊಬ್ಬ ಗುಜರಿ ಅಂಗಡಿಯ ಸದ್ದಿಗೆ ರಸ್ತೆಯಲ್ಲೇ ದೀಪದ ಕಂಬದ ಹಾಗೆ ನಿಂತು, ಕಣ್ಣೆದುರೇ ತನ್ನ ಬಸ್ಸು ಹೋದದ್ದನ್ನು ತಾನೇ ಬಂದು ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು. ಬಾಗಿಲಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು. ಹೊರಗಿನ ಗಾಳಿ ಬಿದ್ದರೆ ಅದು ತಾನಾಗಿಯೇ ಹೋಗುತ್ತದೆ, ಕಲಿಸುವಂಥದ್ದಲ್ಲ ಎಂದುಕೊಂಡಿದ್ದಳು.

ಉಗ್ರಾಣದ ಬಾಗಿಲನ್ನು ಮಾಡಿದವನು ಒಬ್ಬ ಕೈದಿ, ಬಡಗಿ. ದೊಡ್ಡ ಆಳು, ಸಣ್ಣ ದನಿ. ಅವನು ಕೊಂದದ್ದು ತನ್ನ ತಂಗಿಯ ಗಂಡನನ್ನು. ಇಬ್ಬರೂ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವರು, ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದವರು. ಒಂದು ಮಧ್ಯಾಹ್ನ ಮಾತಿಗೆ ಮಾತು ಬೆಳೆಯಿತು, ಕೈಯಲ್ಲಿ ಮರದ ಕೊಡತಿ ಇತ್ತು. ಒಂದೇ ಏಟು. ಜಗಳ ಯಾವುದರ ಬಗ್ಗೆ ಎಂದು ಕೋರ್ಟಿನಲ್ಲಿ ಕೇಳಿದಾಗ ಅವನಿಗೆ ನೆನಪಾಗಲಿಲ್ಲ. ಈಗಲೂ ನೆನಪಿಲ್ಲ. ಅದನ್ನೇ ನೆನೆದು ನೆನೆದು ಅವನು ಸೊರಗಿದ್ದ.

ತಂಗಿ ತಾಯಿಯ ಮನೆ ಸೇರಿದ್ದಳು. ತಾಯಿ ಕಾಲಲ್ಲಿ ಬಲವಿರುವ ತನಕ ಜೈಲಿಗೆ ಬಂದು ಮಗನ ಮುಖ ನೋಡಿಕೊಂಡು ಹೋಗುತ್ತಿದ್ದಳು, ಕಾಲು ಬಿದ್ದ ಮೇಲೆ ಅದೂ ನಿಂತಿತು. ತಂಗಿ ಒಂದು ಸಲವೂ ಬರಲಿಲ್ಲ.

ಬಾಗಿಲಕ್ಕ ಆ ಮನೆಗೂ ಹೋದಳು. ಇಕ್ಕಟ್ಟಾದ ಓಣಿಯಲ್ಲಿ ಒಂದು ಕೋಣೆ, ಹಿಂದೆ ಅಡುಗೆಗೆ ಮೂಲೆ. ತಾಯಿಯ ಕಬ್ಬಿಣದ ಮಂಚ ಬಾಗಿಲಿಗೆ ನೇರವಾಗಿ ಇತ್ತು, ಮಲಗಿದಲ್ಲಿಂದಲೇ ಬೀದಿ ಕಾಣಲಿ ಎಂದು. ಮುದುಕಿಯ ಕಾಲು ಹೋಗಿತ್ತು, ಬಾಯಿ ಹೋಗಿರಲಿಲ್ಲ.

"ಬಂದ ತಕ್ಷಣ 'ಬಂದ್ಯಾ, ಒಳಗೆ ಬಾ' ಅಂತೀನಿ" ಎಂದಳು. "ಆಮೇಲೆ ಹತ್ರ ಕರೆದು ಕೆನ್ನೆಗೆ ಎರಡು ಬಾರಿಸ್ತೀನಿ. ಒಂದು ಇವಳ ಲೆಕ್ಕಕ್ಕೆ, ಒಂದು ನನ್ನ ಲೆಕ್ಕಕ್ಕೆ. ಆಮೇಲೆ 'ಉಂಡ್ಯಾ' ಅಂತ ಕೇಳ್ತೀನಿ. ಇಷ್ಟೇ. ಇನ್ನೇನು ಕೇಳೋದಿದೆ ಅವನನ್ನ?"

ತಂಗಿ ಇಸ್ತ್ರಿ ಅಂಗಡಿಯ ಕೆಲಸ ಮುಗಿಸಿ ಆಗಷ್ಟೇ ಬಂದವಳು, ಇವರ ಕಡೆ ಬೆನ್ನು ಮಾಡಿ ಬಟ್ಟೆ ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಕೊನೆಗೆ ತಿರುಗದೆಯೇ ಹೇಳಿದಳು: "ಇದು ಅಮ್ಮನ ಮನೆ. ಅಮ್ಮ ಕರೆದರೆ ಬರಲಿ, ನಾನು ಅಡ್ಡ ನಿಲ್ಲಲ್ಲ. ಆದರೆ ನನ್ನ ಬಾಯಿಂದ 'ಬಾ' ಅನ್ನೋ ಮಾತು ಬರಲ್ಲ. ಅದೊಂದನ್ನ ನನ್ನ ಹತ್ರ ಕೇಳಬೇಡಿ."

ಯಾರು ತಾನೇ ಕೇಳಿಯಾರು? ಬಾಗಿಲಕ್ಕನಿಗೆ ಇಷ್ಟು ಸಿಕ್ಕಿದ್ದೇ ದೊಡ್ಡದೆನಿಸಿತು. ಕುಣಿದಾಡುವಂತೆ ವಾಪಸು ಬಂದು ಉಗ್ರಾಣದ ಮಂಚವನ್ನು ಬಾಗಿಲಿಗೆ ನೇರವಾಗಿ ಎಳೆದು, ತಾನೇ ಅದರ ಮೇಲೆ ಮಲಗಿ ತಾಯಿಯಾದಳು. ಬಡಗಿ ತಟ್ಟುತ್ತಿದ್ದ. "ಬಂದ್ಯಾ, ಒಳಗೆ ಬಾ" ಎಂದು ಅವಳು ಮುದುಕಿಯ ದನಿಯಲ್ಲೇ ಎಳೆದು ಹೇಳುತ್ತಿದ್ದಳು. ಅವನು ಬರುತ್ತಿದ್ದ, ಬಗ್ಗುತ್ತಿದ್ದ, ಎರಡು ಏಟು ತಿನ್ನುತ್ತಿದ್ದ. ಅಲ್ಲಿಯವರೆಗೆ ಎಲ್ಲ ಸರಿ. "ಉಂಡ್ಯಾ?" ಎಂದ ಕೂಡಲೇ ಅವನ ಬಾಯಿ ಕಟ್ಟಿಹೋಗುತ್ತಿತ್ತು. ಎಷ್ಟು ಸಲ ಮಾಡಿಸಿದರೂ ಆ ಒಂದು ಪ್ರಶ್ನೆಗೆ ಅವನಿಂದ ಉತ್ತರ ಹೊರಡಲಿಲ್ಲ. ಗೋಡೆಯ ಕಡೆ ತಿರುಗಿ ನಿಂತುಬಿಡುತ್ತಿದ್ದ.

"ಅಕ್ಕ, ಅಮ್ಮ ಕರೀದೇ ಇದ್ರೆ?" ಎಂದು ಒಂದು ದಿನ ಕೇಳಿದ.

"ಕರೀತಾರೆ. ಕರೀದೇ ಇದ್ರೆ ಅದು ನಿನ್ನ ತಂಗಿ ಇರೋ ಮನೆ ಅಂತ ನೆನಪಿಟ್ಕೋ. ಕಾಲಿಡಬೇಡ. ತಿರುಗಿ ಬಾ" ಎಂದಳು ಬಾಗಿಲಕ್ಕ. ಎಂದಿನ ಹಾಗೆ ಕತ್ತರಿ ಹಾಕಿದಂತೆ ಹೇಳಿದಳು. ಅವನು ತಲೆಯಾಡಿಸಿದ. ಹೇಳಿದ್ದನ್ನು ಹೇಳಿದಂತೆ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅಷ್ಟು ವರ್ಷ ಅದನ್ನೇ ತಾನೇ ಕಲಿತಿದ್ದದ್ದು.

ಬಿಡುಗಡೆಯ ಬೆಳಿಗ್ಗೆ ಅವಳು ಹೊಲಿದುಕೊಟ್ಟ ಹೊಸ ಅಂಗಿ ತೊಟ್ಟು, ದೊಡ್ಡ ಗೇಟಿನೊಳಗಿನ ಚಿಕ್ಕ ಬಾಗಿಲನ್ನು ತಾನೇ ತಳ್ಳಿ ಹೊರಗೆ ಹೋದ. ಅವಳು ಒಳಗೇ ನಿಂತು ನೋಡಿದಳು. ಹೆಮ್ಮೆಯಿಂದ ಎದೆ ತುಂಬಿತ್ತು.

ಮಧ್ಯಾಹ್ನ ಫೋನು ಬಂತು. ತಂಗಿಯ ದನಿ.

"ನಿಮ್ಮವನು ಬಂದಿದ್ದನಂತೆ. ಬಾಗಿಲಲ್ಲಿ ನಿಂತಿದ್ದನಂತೆ. ಹೊರಟುಹೋದನಂತೆ. ಇದೇನಾ ನೀವು ಕಲಿಸಿದ್ದು?"

"ಅಮ್ಮ ಕರೀಲಿಲ್ವಾ?"

"ಅಮ್ಮನಿಗೆ ಮಾತೆಲ್ಲಿದೆ? ಮೊನ್ನೆ ಲಕ್ವ ಹೊಡೆದು ಒಂದು ಕಡೆ ಮೈ ಹೋಗಿದೆ. ನಾಲಿಗೆ ಬಿದ್ದುಹೋಗಿದೆ."

"ಅಯ್ಯೋ, ನನಗೊಂದು ಮಾತು ಹೇಳಬಾರದಿತ್ತಾ?"

"ಆಸ್ಪತ್ರೆಗೆ ಓಡಲಾ, ನಿಮಗೆ ಹೇಳ್ತಾ ಕೂರಲಾ? ಅವನು ಬರೋ ಹೊತ್ತಿಗೆ ಮನೇಲಿರೋಕೆ ನನ್ನಿಂದ ಆಗಲಿಲ್ಲ. ಬಾಗಿಲು ಪೂರ್ತಿ ತೆಗೆದಿಟ್ಟು ಹೋಗಿದ್ದೆ. ತೆಗೆದ ಬಾಗಿಲಿಗಿಂತ ಇನ್ನೇನು ಬೇಕಿತ್ತು ಅವನಿಗೆ?"

ಬಾಗಿಲಕ್ಕ ಕೈಲಿದ್ದ ಬಟ್ಟೆಯನ್ನು ಮಿಷನ್ನಿನ ಸೂಜಿಯಡಿಯಲ್ಲೇ ಬಿಟ್ಟು ಎದ್ದುಬಿದ್ದು ಓಡಿದಳು.

ನಡೆದದ್ದನ್ನೆಲ್ಲ ಕಂಡವಳು ಎದುರುಮನೆಯ ಹೆಂಗಸು. ಅವಳು ಹೇಳಿದ್ದು ಹೀಗೆ. ಮುದುಕಿ ಬೆಳಗಿನಿಂದ ಬಾಗಿಲನ್ನೇ ನೋಡುತ್ತಾ ಮಲಗಿದ್ದಳು. ಮಗ ಬಂದು ಹೊಸ್ತಿಲ ಹೊರಗೆ ನಿಂತು, ತೆರೆದ ಬಾಗಿಲನ್ನೇ ಮೆಲ್ಲಗೆ ತಟ್ಟಿದ. ಬಿಸಿಲಿನಿಂದ ಬಂದವನ ಕಣ್ಣಿಗೆ ಒಳಗಿನ ಕತ್ತಲಲ್ಲಿ ಏನು ಕಂಡಿತೋ ಇಲ್ಲವೋ. ಮುದುಕಿಯ ಗಂಟಲಿಂದ ದನಿ ಹೊರಡಲಿಲ್ಲ. ಸರಿಯಿದ್ದ ಕೈಯಲ್ಲಿ ನೀರಿನ ಸ್ಟೀಲ್ ಲೋಟ ಹಿಡಿದು ಮಂಚದ ಕಬ್ಬಿಣಕ್ಕೆ ಬಾರಿಸತೊಡಗಿದಳು. "ಏನು ಬಾರಿಸಿದಳಮ್ಮಾ, ಓಣಿಯೆಲ್ಲ ಕೇಳೋ ಹಾಗೆ! ಅವನು ನೋಡಿದ್ರೆ ಕೈ ಇಳಿಬಿಟ್ಟು, ತಲೆ ಬಗ್ಗಿಸಿ ಕಲ್ಲಿನ ಹಾಗೆ ನಿಂತ. ಅವಳು ಬಾರಿಸಿದಷ್ಟೂ ಅವನು ಬಿಗಿಯಾಗಿ ನಿಲ್ಲೋದು. ಕೈ ಸೋತು ಅವಳು ನಿಲ್ಲಿಸಿದಾಗ ತಲೆ ಎತ್ತಿ ಮತ್ತೆ ತಟ್ಟೋನು. ಅವಳು ಮತ್ತೆ ಬಾರಿಸೋಳು, ಇವನು ಮತ್ತೆ ಕಲ್ಲಾಗೋನು. ಕೊನೆಗೆ ಅವಳ ಕೈ ಪೂರ್ತಿ ಬಿದ್ದುಹೋಯ್ತು. ಅವನು ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಚೀಲ ಎತ್ತಿಕೊಂಡು ಹೋದ. ನಾನು ಮಾಳಿಗೆ ಮೇಲಿದ್ದೆ. ಓಡಿ ಬರೋಷ್ಟರಲ್ಲಿ ಓಣಿ ತಿರುಗಿಬಿಟ್ಟಿದ್ದ."

ಬಾಗಿಲಕ್ಕನಿಗೆ ಮುಂದಕ್ಕೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಒಳಗೆ ಮುದುಕಿ ಮತ್ತೆ ಬಾರಿಸುತ್ತಿದ್ದಳು. ಲೋಟ ಎತ್ತಲು ಒಂದು ಉಸಿರು, ಇಳಿಸಲು ಇನ್ನೊಂದು. ಕಣ್ಣು ಹೊಸ್ತಿಲಿನಿಂದ ಕದಲುತ್ತಿರಲಿಲ್ಲ. ಡಾಕ್ಟರು ಬಂದು ನೋಡಿ, ಇವತ್ತೋ ನಾಳೆಯೋ ಎಂದು ಹೇಳಿ ಹೋಗಿದ್ದರು. ಬಾಗಿಲಕ್ಕ ತಂಗಿಯ ಮುಂದೆ ಕುಸಿದು ಕೂತು ಎಣಿಕೆಯ ವಿಷಯ ಹೇಳಿದಳು. ಸದ್ದಿದ್ದಷ್ಟು ಹೊತ್ತು ಅಲುಗಾಡುವ ಹಾಗಿಲ್ಲ, ಸದ್ದು ನಿಂತ ಮೇಲೇ ಕಾಲೆತ್ತಬೇಕು ಎಂದು ಹೇಳಿದಳು. ಕರೆಯದಿದ್ದರೆ ತಿರುಗಿ ಬಾ ಎಂದದ್ದು ತಾನೇ ಎಂಬುದನ್ನೂ ಹೇಳಿದಳು.

"ಹಾಗಾದರೆ ಅಮ್ಮ ಕರೆದಿದ್ದಕ್ಕೇ ಅವನು ಒಳಗೆ ಬರಲಿಲ್ಲ" ಎಂದಳು ತಂಗಿ. ಅವಳ ಮುಖದಲ್ಲಿ ಸಿಟ್ಟಿತ್ತೋ, ಮರುಕವಿತ್ತೋ, ಬಾಗಿಲಕ್ಕನಿಗೆ ತಿಳಿಯಲಿಲ್ಲ. ಎಷ್ಟೊಂದು ಜನರ ಮುಖ ಓದಿದವಳು, ಅವತ್ತು ಏನನ್ನೂ ಓದಲಾರದೆ ಹೋದಳು.

ಹುಡುಕಾಟ ಶುರುವಾಯಿತು. ಗಂಡನೂ ಜೊತೆಗೆ ಬಂದ. ಬಸ್ ನಿಲ್ದಾಣದಲ್ಲಿ ಹಳೆಯ ಪರಿಚಯದ ಡ್ರೈವರು ಕಂಡಕ್ಟರುಗಳನ್ನೆಲ್ಲ ನಿಲ್ಲಿಸಿ, ದೊಡ್ಡ ಆಳು, ನೀಲಿ ಅಂಗಿ, ಕೈಯಲ್ಲಿ ಚೀಲ ಎಂದು ವಿಚಾರಿಸಿದ. ಯಾರೂ ಕಂಡಿರಲಿಲ್ಲ. ದಿಕ್ಕಿಲ್ಲದವರು ಮಲಗುವ ಛತ್ರ, ಮರದ ಕೆಲಸದ ಶೆಡ್ಡುಗಳು, ಆಸ್ಪತ್ರೆ. ಸೇತುವೆಯ ಮೇಲೆ ನಿಂತು ಕೆಳಗೆ ನೋಡಲು ಅವಳಿಗೆ ಧೈರ್ಯ ಬರಲಿಲ್ಲ, ಗಂಡನೇ ಬಗ್ಗಿ ನೋಡಿ ಇಲ್ಲವೆಂದು ತಲೆಯಾಡಿಸಿದ. ಅವಳು ರಸ್ತೆಯಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಊರೆಲ್ಲರ ಅಮ್ಮನಾಗಿ, ಹೆಂಡತಿಯಾಗಿ ಮಾತಾಡಿದ ಬಾಯಿ, "ನಾನೇ ಕಣ್ರೀ, ನಾನೇ" ಎನ್ನುವುದರಾಚೆಗೆ ಏನನ್ನೂ ಹೇಳಲಿಲ್ಲ. ಗಂಡನಿಗೂ ಆ ದಿನ ತಮಾಷೆ ಹೊಳೆಯಲಿಲ್ಲ.

ಬೆಳಿಗ್ಗೆ ಹುಡುಕಲು ಬೇರೆ ಜಾಗ ಉಳಿಯದೆ ಅವಳು ಕೆಲಸಕ್ಕೆ ಹೊರಟಳು. ಜೈಲಿನ ಗೋಡೆಯ ಪಕ್ಕ, ಭೇಟಿಗೆ ಬಂದವರು ಕಾಯುವ ಕಲ್ಲುಬೆಂಚಿನ ಮೇಲೆ, ಹೆಂಗಸರ ಗುಂಪಿನ ಅಂಚಿನಲ್ಲಿ ಅವನು ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಅಮ್ಮ ಕರೀಲಿಲ್ಲ ಅಕ್ಕ. ನೀವು ಹೇಳಿದ ಹಾಗೇ ತಿರುಗಿ ಬಂದೆ. ಒಳಗೆ ಬಿಡಿ ಅಂದೆ, ಗೇಟಿನವರು ನಕ್ಕರು." ಅವನ ದನಿಯಲ್ಲಿ ದೂರು ಇರಲಿಲ್ಲ. "ತಪ್ಪಾಯ್ತಾ?"

ಅವಳು ಅವನ ತೋಳು ಹಿಡಿದು ಆಟೋಕ್ಕೆ ದೂಡಿ, ತಾನೂ ಹತ್ತಿ ಕೂತಳು. ತನ್ನ ಎರಡನೆಯ ಕಟ್ಟುನಿಟ್ಟು ಅವಳ ನೆನಪಿಗೂ ಬರಲಿಲ್ಲ. ದಾರಿಯುದ್ದಕ್ಕೂ ಹೇಳಿದಳು: ಅಮ್ಮನಿಗೆ ಮಾತು ಹೋಗಿದೆ, ಲೋಟ ಬಾರಿಸಿದ್ದು ಅಮ್ಮ, ಕರೆದದ್ದೇ ಹಾಗೆ. ಅವನು ರಸ್ತೆಯ ಕಡೆ ನೋಡುತ್ತಾ ಕೇಳಿಸಿಕೊಂಡ.

ಬಾಗಿಲು ತೆರೆದೇ ಇತ್ತು. ಓಣಿಯ ತಿರುವಿನಲ್ಲೇ ಸದ್ದು ಕೇಳಿತು. ಠಣ್. ಆಮೇಲೆ ಬಹಳ ಹೊತ್ತು ಏನಿಲ್ಲ. ಮತ್ತೆ ಠಣ್. ಅವನು ಹೊಸ್ತಿಲ ತನಕ ಸರಸರನೆ ಬಂದವನು ಅಲ್ಲಿ ನಿಂತುಬಿಟ್ಟ. ಕೈ ಪಕ್ಕಕ್ಕೆ ಇಳಿಯಿತು. ತಲೆ ಬಗ್ಗಿತು.

"ಅದು ಎಣಿಕೆ ಅಲ್ಲ ಕಣಪ್ಪಾ. ನಿನ್ನ ಅಮ್ಮ ಅದು. ಕರೀತಾ ಇದ್ದಾಳೆ."

"ಗೊತ್ತು ಅಕ್ಕ" ಎಂದ. ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. "ಕಾಲು ಕೇಳ್ತಾ ಇಲ್ಲ."

ಅವಳು ಬೆನ್ನಿಗೆ ಕೈ ಕೊಟ್ಟು ದೂಡಿದಳು, ಗೋಡೆಯನ್ನು ದೂಡಿದ ಹಾಗಾಯಿತು. ಮಂಚದ ಮೇಲೆ ಮುದುಕಿಗೆ ಮಗನ ಕಾಲು ಕಂಡಿತ್ತು. ಕಂಡದ್ದೇ ತಡ, ಎಲ್ಲಿ ಉಳಿದಿತ್ತೋ ಆ ಬಲ, ಲೋಟ ಬೇಗ ಬೇಗ ಬೀಳತೊಡಗಿತು. ಠಣ್ ಠಣ್ ಠಣ್. ಅವನು ಇನ್ನಷ್ಟು ಬಿಗಿಯಾದ. ಉಗ್ರಾಣದಲ್ಲಿ ಅಷ್ಟು ಸಲ ಕರೆದ ಆ ಮಾತು, ಆ ದನಿ, ಬಾಗಿಲಕ್ಕನ ನಾಲಿಗೆಯ ತುದಿಗೆ ಬಂತು. ಆದರೆ ನಿಜವಾದ ತಾಯಿ ಎದುರಿಗೇ ಉಸಿರು ಕಟ್ಟಿ ಕರೆಯುತ್ತಿರುವಾಗ ಆ ದನಿಯನ್ನು ಕದಿಯಲು ಅವಳಿಂದಾಗಲಿಲ್ಲ. ಸೆರಗು ಕಚ್ಚಿಕೊಂಡು ನಿಂತಳು.

ಒಲೆಯ ಹತ್ತಿರ ನಿಂತಿದ್ದ ತಂಗಿ ಈಚೆಗೆ ಬಂದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅಣ್ಣನನ್ನು ನೋಡಿದಳು. ನೆರೆತ ಕೂದಲು, ಬಗ್ಗಿದ ತಲೆ, ಮರಗಟ್ಟಿದ ಆ ಎರಡು ಕೈ. ಕೈಗಳನ್ನೇ ಹೆಚ್ಚು ಹೊತ್ತು ನೋಡಿದಳು. ಬೈಯುತ್ತಾಳೆ, ಬಾಗಿಲು ಹಾಕುತ್ತಾಳೆ ಎಂದು ಬಾಗಿಲಕ್ಕ ಹೆದರಿದಳು. ತಂಗಿ ಮಂಚದ ಪಕ್ಕ ಬಗ್ಗಿ, ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲೋಟವನ್ನು ತೆಗೆದುಕೊಂಡಳು.

ಸದ್ದು ನಿಂತಿತು. ತಂಗಿ ಲೋಟವನ್ನು ಎದೆಗೆ ಒತ್ತಿ ಹಿಡಿದು ಗೋಡೆಯ ಕಡೆ ತಿರುಗಿಕೊಂಡಳು. ಬಾ ಎಂದು ಅವಳು ಹೇಳಲಿಲ್ಲ.

ಅವನ ಒಂದು ಕಾಲು ಮೇಲೆದ್ದಿತು, ಹೊಸ್ತಿಲು ದಾಟಿತು. ಇನ್ನೊಂದು ಹಿಂದೆಯೇ ಬಂತು. ಮಂಚದ ಪಕ್ಕ ಮಂಡಿಯೂರಿ, ಉಗ್ರಾಣದಲ್ಲಿ ಬಗ್ಗುತ್ತಿದ್ದಂತೆಯೇ ಬಗ್ಗಿದ. ತಾಯಿಯ ಕೈ ತಡವರಿಸುತ್ತಾ ಮೇಲೆದ್ದು ಅವನ ಕೆನ್ನೆಗೆ ಬಿತ್ತು. ಅದನ್ನು ಏಟು ಎನ್ನುವ ಹಾಗಿರಲಿಲ್ಲ. ಎರಡನೆಯದಕ್ಕೆಂದು ಎದ್ದ ಕೈ ಅರ್ಧಕ್ಕೇ ನಿಂತಿತು. ಅವನು ಆ ಕೈಯನ್ನು ಹಿಡಿದು, ತಾನೇ ಅದರಿಂದ ತನ್ನ ಇನ್ನೊಂದು ಕೆನ್ನೆಗೆ ಹೊಡೆದುಕೊಂಡ. ಆ ಸದ್ದಿಗೆ ಗೋಡೆ ಕಡೆ ನಿಂತವಳ ಭುಜ ಅದುರಿತು.

ತಾಯಿಯ ತುಟಿ ಒಂದು ಕಡೆಗೆ ಸೊಟ್ಟಗಾಗಿ ಅಲುಗಿತು. ದನಿಯಿಲ್ಲ. ಮತ್ತೆ ಅಲುಗಿತು. ಏನು ಕೇಳುತ್ತಿದ್ದಾಳೆಂದು ಹೊರಗೆ ನಿಂತ ಬಾಗಿಲಕ್ಕನಿಗೆ ಗೊತ್ತಿತ್ತು. ಉಗ್ರಾಣದಲ್ಲಿ ಒಂದು ಸಲವೂ ಉತ್ತರ ಕೊಡಲಾಗದವನಿಗೂ ಗೊತ್ತಿತ್ತು.

"ಇಲ್ಲಮ್ಮ" ಎಂದ ಅವನು. "ಇನ್ನೂ ಉಂಡಿಲ್ಲ."